ಹಾಸುವ ಮನೆ, ಮಡಿಚಿಡುವ ಮನೆ: ಹಳೆಯ ವಾಡೆಗಳ ಸಂಗ್ರಹಾಲಯದಲ್ಲಿ ಬಟ್ಟೆಯ ಸ್ಥಾನ

ಆನೆಗೊಂದಿಯ ಗಗನ ಮಹಲಿನ ಒಳಗೆ ನಿಂತವರಿಗೆ ಕಾಣುವುದು ಗಾರೆ, ಕಮಾನು, ಮಾಡು ಮತ್ತು ಬರಿಯ ನೆಲ. ಕಟ್ಟಡದ ವಯಸ್ಸು, ಶೈಲಿ, ಯಾರ ಕಾಲದ್ದು ಎಂಬ ಚರ್ಚೆಗೆ ಇಷ್ಟು ಸಾಕು. ಆದರೆ ಅಲ್ಲಿ ಬಂದವರನ್ನು ಎಲ್ಲಿ ಕೂಡಿಸುತ್ತಿದ್ದರು, ಯಜಮಾನ ಯಾವ ಮೂಲೆಗೆ ಒರಗುತ್ತಿದ್ದ, ಹೆಣ್ಣುಮಕ್ಕಳ ಭಾಗ ಎಲ್ಲಿಂದ ಶುರುವಾಗುತ್ತಿತ್ತು ಎಂದು ಕೇಳಿದರೆ ಗೋಡೆಯಿಂದ ಉತ್ತರ ಬರುವುದಿಲ್ಲ. ಆ ಉತ್ತರ ಇದ್ದದ್ದು ನೆಲದ ಮೇಲೆ ಹಾಸಿದ, ಕಂಬಗಳ ನಡುವೆ ಇಳಿಬಿಟ್ಟ, ತಲೆಯ ಮೇಲೆ ಕಟ್ಟಿದ ಬಟ್ಟೆಯಲ್ಲಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳೆಯ ಮನೆಗಳನ್ನು ಇಂದಲ್ಲ ನಾಳೆ ಸಂಗ್ರಹಾಲಯಗಳಾಗಿ ಉಳಿಸಿಕೊಳ್ಳಬೇಕು ಎಂಬ ಮಾತು ಈಗ ಅಲ್ಲಲ್ಲಿ ಕೇಳಿಬರುತ್ತಿದೆ. ಈ ಉಪನ್ಯಾಸದಲ್ಲಿ ನಾನು ವಾದಿಸುವುದು ಒಂದೇ ವಿಷಯ: ಈ ಮನೆಗಳಲ್ಲಿ ಬಟ್ಟೆಯೇ ಪೀಠೋಪಕರಣವಾಗಿತ್ತು, ಅದನ್ನು ಹಾಸುವ, ಮಡಿಚಿಡುವ ಕ್ರಮದಲ್ಲೇ ಆ ಮನೆಯ ಬದುಕು ಇತ್ತು, ಆದ್ದರಿಂದ ಸಂಗ್ರಹಾಲಯ ಉಳಿಸಬೇಕಾದದ್ದು ಬಟ್ಟೆಯನ್ನಷ್ಟೇ ಅಲ್ಲ, ಆ ಕ್ರಮವನ್ನೂ.

ಇದಕ್ಕೆ ಮೊದಲ ಸಾಕ್ಷ್ಯ ಆನೆಗೊಂದಿಯಿಂದ ನದಿಯ ಆಚೆ ದಡದ ವಿಜಯನಗರದಲ್ಲೇ ಇದೆ. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಮಹಾನವಮಿಯ ಸಿಂಹಾಸನವನ್ನು ವರ್ಣಿಸುವಾಗ ಅದರ ಮುಂದೆ ಇಟ್ಟಿದ್ದ ಚೌಕಾಕಾರದ ದಿಂಬನ್ನೂ, ಅದರ ಅಂಚಿಗೆ ಹೊಲಿದಿದ್ದ ಮೂರು ಸಾಲು ಮುತ್ತುಗಳನ್ನೂ ಮರೆಯುವುದಿಲ್ಲ. ಹಬ್ಬದ ದಿನಗಳಲ್ಲಿ ರಾಜ ಕುಳಿತದ್ದು ಆ ದಿಂಬಿನ ಮೇಲೆಯೇ ಎನ್ನುತ್ತಾನೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್ ಅದೇ ಹಬ್ಬದ ಜಗತಿಯ ಮೇಲೆ ಬಟ್ಟೆಯಿಂದಲೇ ಮಾಡಿದ ಒಂದು ಕೋಣೆಯನ್ನು ಕಂಡ. ಅದಕ್ಕೆ ಬಾಗಿಲಿತ್ತು, ಒಳಗೆ ದೇವರಿತ್ತು. ಇಂದು ಮಹಾನವಮಿ ದಿಬ್ಬವನ್ನು ಹತ್ತಿದವರು ನೋಡುವುದು ಕಂಬ ನೆಡುವ ಕುಳಿಗಳನ್ನು ಮಾತ್ರ. ಮರ ಹೋಯಿತು, ಬಟ್ಟೆ ಅದಕ್ಕೂ ಮೊದಲೇ ಹೋಯಿತು, ಕಲ್ಲು ಉಳಿಯಿತು; ಕಲ್ಲು ಉಳಿದದ್ದರಿಂದ ನಾವು ವಿಜಯನಗರವನ್ನು ಕಲ್ಲಿನ ಊರು ಎಂದು ಕಲ್ಪಿಸಿಕೊಂಡೆವು. ಕಣ್ಣಾರೆ ಕಂಡವರ ಬರಹದಲ್ಲಿ ಅದು ಬಟ್ಟೆ ಉಟ್ಟುಕೊಂಡ ಊರು. ಈ ಎರಡು ವರ್ಣನೆಗಳಲ್ಲಿ ನನ್ನ ವಾದಕ್ಕೆ ಬೇಕಾದ ಇನ್ನೊಂದು ಅಂಶವಿದೆ: ಆ ವೈಭವ ಹಬ್ಬಕ್ಕೆ ಏರಿಸಿದ್ದು. ವರ್ಷವಿಡೀ ದಿಬ್ಬದ ಮೇಲೆ ಬಟ್ಟೆಯ ಮನೆ ನಿಂತಿರಲಿಲ್ಲ. ತೆಗೆದು ಕಟ್ಟುವುದು, ಬಿಚ್ಚಿ ಮಡಿಚುವುದು ಅರಮನೆಯ ಕೆಲಸಗಳಲ್ಲಿ ಒಂದಾಗಿತ್ತು.

ಅರಮನೆಯಿಂದ ಕೆಳಗಿಳಿದು ಎರೆಹೊಲದ ಸೀಮೆಯ ವಾಡೆಗಳಿಗೆ, ಗೌಡರ, ದೇಸಾಯರ, ಕುಲಕರ್ಣಿಗಳ ಮನೆಗಳಿಗೆ ಬಂದರೂ ಕ್ರಮ ಇದೇ. ಪಡಸಾಲೆಯಲ್ಲಿ ಸಾಮಾನು ಕಡಿಮೆ. ಬೆಳಗ್ಗೆ ಅದು ಕಾಳು ಹಸನು ಮಾಡುವ ಜಾಗ, ಮಧ್ಯಾಹ್ನ ಊಟದ ಪಂಕ್ತಿಯ ಜಾಗ, ಬೀಗರು ಬಂದರೆ ಬೈಠಕ್ಕು, ರಾತ್ರಿ ಮಲಗುವ ಕೋಣೆ. ಒಂದೇ ನೆಲವನ್ನು ನಾಲ್ಕು ಕೋಣೆಗಳನ್ನಾಗಿ ಮಾಡುತ್ತಿದ್ದದ್ದು ಜಮಖಾನ, ಕಂಬಳಿ, ಗಾದಿ, ಲೋಡು, ಕೌದಿಗಳು. ಬಂದವರ ಯೋಗ್ಯತೆಯನ್ನು ಅಳೆಯುತ್ತಿದ್ದದ್ದೂ ಅವೇ: ಯಾರಿಗೆ ಬರಿಯ ಜಮಖಾನ, ಯಾರಿಗೆ ಅದರ ಮೇಲೊಂದು ಗಾದಿ, ಯಾರ ಬೆನ್ನಿಗೆ ತೊಳೆದ ಗಲೀಫು ಹಾಕಿದ ಲೋಡು, ಯಾರನ್ನು ಕಟ್ಟೆಯ ಮೇಲೆಯೇ ಕೂಡಿಸಿ ಕಳಿಸುವುದು. ಜಾತಿಯ, ಹಣದ, ನಂಟಿನ ಅಂತರಗಳು ಈ ಮನೆಗಳಲ್ಲಿ ಹಾಸಿಗೆಯ ಮೂಲಕ ಹೇಳಲ್ಪಡುತ್ತಿದ್ದವು. ಆ ಅಂತರಗಳಲ್ಲಿ ಕೆಲವನ್ನು ನಾವು ಇಂದು ನಾಚಿಕೆಯಿಂದ ನೆನೆಯಬೇಕು; ಆದರೆ ಅವನ್ನು ತೋರಿಸದ ಸಂಗ್ರಹಾಲಯ ಸುಳ್ಳು ಹೇಳಿದಂತೆ. ಬಟ್ಟೆ ತೆಗೆದುಹಾಕಿದ ವಾಡೆ ಎಲ್ಲರಿಗೂ ಸಮಾನವಾಗಿ ತೆರೆದಿದ್ದ ಸುಂದರ ಕಟ್ಟಡದಂತೆ ಕಾಣುತ್ತದೆ.

ಗಾದಿಯೊಂದನ್ನೇ ತೆಗೆದುಕೊಳ್ಳಿ. ಅದರೊಳಗಿನ ಹತ್ತಿ ಈ ಎರೆಮಣ್ಣಿನದು, ಎಳೆ ಗಿಡ್ಡದಾದ ಜವಾರಿ ಹತ್ತಿ. ನೂಲಿನ ಗಿರಣಿಗೆ ಅದು ಅಷ್ಟು ಹಿತವಲ್ಲ. ತುಂಬುವುದಕ್ಕೆ ಮಾತ್ರ ಪುಟಿದು ನಿಲ್ಲುತ್ತದೆ. ಕೆಲವು ವರ್ಷಕ್ಕೊಮ್ಮೆ ಅದು ಗಂಟುಕಟ್ಟಿದಾಗ ಪಿಂಜಾರರು, ನದಾಫರು ಬಿಲ್ಲು ತಂದು ಹಿಂಜಿ, ಹಗುರ ಮಾಡಿ, ಮತ್ತೆ ತುಂಬಿ, ದಬ್ಬಣದಿಂದ ಹೊಲಿದು ಕೊಡುತ್ತಿದ್ದರು. ಅಂದರೆ ಒಂದು ಗಾದಿಯ ಚೀಲ ಒಂದು ಕಾಲದ್ದು, ಹತ್ತಿ ಇನ್ನೊಂದು ಕಾಲದ್ದು, ಹೊಲಿಗೆ ಮತ್ತೊಂದು ಕಾಲದ್ದು ಆಗಿರುವುದು ಸಹಜ. ಬೆಳೆದ ರೈತ, ಹಿಂಜಿದ ಮುಸ್ಲಿಮ್ ಕುಶಲಕರ್ಮಿ, ಗಲೀಫು ಹೊಲಿದ ಮನೆಯ ಹೆಣ್ಣುಮಗಳು ಮೂವರೂ ಅದರಲ್ಲಿದ್ದಾರೆ. ಮನೆಯ ರಿಪೇರಿಗೆ ಕೈಹಾಕಿದ ಮೊದಲ ದಿನವೇ ಕಸವೆಂದು ಹೊರಗೆ ಬೀಳುವುದೂ ಇದೇ ಗಾದಿ. ಕೆತ್ತನೆಯ ಬಾಗಿಲಿಗೆ ಕೊಡುವ ಗೌರವದಲ್ಲಿ ಒಂದು ಪಾಲು ಇದಕ್ಕೂ ಸಲ್ಲಬೇಕು ಎಂಬುದು ನನ್ನ ಒತ್ತಾಯ.

ಕಸವೆಂದು ಎಸೆದ ಮೇಲೆ ಆ ಜಾಗಕ್ಕೆ ಏನು ಬರುತ್ತದೆ ಎಂಬುದು ಸಾಮಾನ್ಯವಾಗಿ ಗೊತ್ತಿರುವ ಸಂಗತಿ: ಕೆಂಪು ಮಖಮಲ್ಲಿನ ಸೋಫಾ, ಜರಿ ಅಂಚಿನ ಪರದೆ, ಸ್ಪಂಜಿನ ಕುಶನ್ನು. ಹಳೆಯ ಮನೆ ಎಂದರೆ ಅರಮನೆ, ಅರಮನೆ ಎಂದರೆ ಮಖಮಲ್ಲು ಎಂಬ ಕಲ್ಪನೆ ಸಿನಿಮಾದಿಂದ ಬಂದದ್ದು, ಸ್ವಲ್ಪ ಮಟ್ಟಿಗೆ ಮೈಸೂರಿನಿಂದ ಬಂದದ್ದು. ಮೈಸೂರಿನ ಇಂದಿನ ಅರಮನೆ 1912ರಲ್ಲಿ ಪೂರ್ಣಗೊಂಡದ್ದು, ವಿನ್ಯಾಸ ಹೆನ್ರಿ ಇರ್ವಿನ್ನನದು. ಕುರ್ಚಿ, ಸೋಫಾ, ಪರದೆಗಳು ಅಲ್ಲಿ ಆ ಕಾಲಕ್ಕೆ ಸಹಜ. ಯಲಬುರ್ಗಾದ ವಾಡೆಗೆ ಅದೇ ಬಟ್ಟೆ ತೊಡಿಸಿದರೆ ಇತಿಹಾಸ ಕೆಡುತ್ತದೆ. ಯುರೋಪಿನ ಮನೆಗಳ ಬಟ್ಟೆಯ ಅಧ್ಯಯನ ನಮಗೆ ಬೇಡವೆಂದಲ್ಲ. ಇಂಗ್ಲೆಂಡಿನ ಹಾರ್ಡ್‌ವಿಕ್ ಹಾಲ್ ಎಂಬ ಮನೆಯಲ್ಲಿ 1601ರಲ್ಲಿ ಕೋಣೆ ಕೋಣೆಯ ಸಾಮಾನಿನ ಪಟ್ಟಿ ಮಾಡಿದ್ದರು; ಯಾವ ಗೋಡೆಗೆ ಯಾವ ತೂಗುಬಟ್ಟೆ, ಯಾವ ಮಂಚಕ್ಕೆ ಯಾವ ಪರದೆ ಎಂದು ಅದರಿಂದ ಇಂದಿಗೂ ತಿಳಿಯುತ್ತದೆ. ಅಲ್ಲಿನ ಪರಿಣತರು ಹಳೆಯ ಕುರ್ಚಿಯ ಮೊಳೆಯ ಕೆಳಗೆ ಸಿಕ್ಕಿಕೊಂಡ ಎರಡು ಎಳೆ ನೂಲಿನಿಂದ ಮೊದಲ ಹೊದಿಕೆಯ ಬಣ್ಣವನ್ನು ಗುರುತಿಸುತ್ತಾರೆ. ಆ ಶಿಸ್ತನ್ನು ನಾವು ಕಲಿಯಬೇಕು. ಆದರೆ ಅವರ ಬಟ್ಟೆ ಮರಕ್ಕೆ ಮೊಳೆ ಹೊಡೆದು ಕೂಡಿಸಿದ್ದು; ನಮ್ಮದು ಯಾವುದಕ್ಕೂ ಅಂಟಿಕೊಂಡಿಲ್ಲ. ಅವರಲ್ಲಿ ಕೋಣೆ ಸಜ್ಜಾಗಿಯೇ ನಿಂತಿರುತ್ತದೆ. ನಮ್ಮಲ್ಲಿ ಹೊತ್ತಿಗೆ ತಕ್ಕಂತೆ ಸಜ್ಜಾಗುತ್ತದೆ. ಆದ್ದರಿಂದ ಹಗ್ಗ ಕಟ್ಟಿ, ಅದರಾಚೆ ಹಾಸಿದ ಗಾದಿಯನ್ನು ಹತ್ತು ವರ್ಷ ಹಾಗೆಯೇ ಬಿಟ್ಟು ತೋರಿಸುವ ಪದ್ಧತಿ ನಮ್ಮ ಮನೆಗಳಿಗೆ ಹೊಂದುವುದಿಲ್ಲ.

ಹೊಂದುವುದಿಲ್ಲ ಅಷ್ಟೇ ಅಲ್ಲ, ಆ ಪದ್ಧತಿ ಬಟ್ಟೆಯನ್ನು ಕೊಲ್ಲುತ್ತದೆ. ಬೆಳಕು ಬಣ್ಣಕ್ಕೂ ನೂಲಿಗೂ ಮಾಡುವ ಹಾನಿ ಕೂಡುತ್ತಾ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಸಂಗ್ರಹಾಲಯಗಳು ಬಟ್ಟೆಗೆ ಒಪ್ಪಿಕೊಂಡಿರುವ ಮಿತಿ 50 ಲಕ್ಸ್, ಅಂದರೆ ಮಬ್ಬು ದೀಪದ ಬೆಳಕು. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ಈ ಬೆಳಕಿನಲ್ಲಿಟ್ಟರೂ ಒಟ್ಟು 1,20,000 ಲಕ್ಸ್-ಗಂಟೆ ಆಗುತ್ತದೆ. ನೆತ್ತಿಯ ಮೇಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಹಾಗಾದರೆ ಸಂಗ್ರಹಾಲಯದಲ್ಲಿ ಒಂದು ವರ್ಷಕ್ಕೆ ತಗಲುವಷ್ಟು ಬೆಳಕು ಕೊಪ್ಪಳದ ಮಾಳಿಗೆಯ ಮೇಲೆ ಹರವಿದ ಬಟ್ಟೆಗೆ ಸುಮಾರು ಒಂದೂಕಾಲು ಗಂಟೆಯಲ್ಲಿ ತಗಲುತ್ತದೆ. ವರ್ಷಕ್ಕೊಮ್ಮೆ ಹಾಸಿಗೆ ಹೊದಿಕೆಗಳನ್ನು ಬಿಸಿಲಿಗೆ ಹಾಕುವ ನಮ್ಮ ವಾಡಿಕೆ ಹುಳುವಿಗೆ ಒಳ್ಳೆಯ ಮದ್ದು, ಬಣ್ಣಕ್ಕೆ ಕೆಟ್ಟದ್ದು. ಹಳೆಯದೆಲ್ಲ ಸರಿಯೆಂದು ನಾನು ಹೇಳಲಾರೆ. ನೆರಳಿನ ಗಾಳಿಗೆ ಹರವುವುದೇ ಸಂಗ್ರಹಾಲಯಕ್ಕೆ ತಕ್ಕದ್ದು. ಆದರೆ ಆ ವಾಡಿಕೆಯ ಇನ್ನರ್ಧ, ಅಂದರೆ ಒಳ್ಳೆಯ ಜಮಖಾನವನ್ನು ಹಬ್ಬಕ್ಕೆ, ಮದುವೆಗೆ ಮಾತ್ರ ತೆಗೆದು, ಉಳಿದ ಕಾಲವೆಲ್ಲ ಬೇವಿನೆಲೆಯೊಡನೆ ಕತ್ತಲೆಯ ಪೆಟ್ಟಿಗೆಯಲ್ಲಿ ಇಡುವುದು, ಇಂದಿನ ಸಂರಕ್ಷಣಾ ವಿಜ್ಞಾನ ಹೇಳುವುದರ ಹತ್ತಿರಕ್ಕೆ ಬರುತ್ತದೆ. ನವರಾತ್ರಿಯ ಒಂಬತ್ತು ದಿನ ಮಾತ್ರ ಮೂಲ ಬಟ್ಟೆಯನ್ನು 50 ಲಕ್ಸ್ ಬೆಳಕಿನಲ್ಲಿ ಹಾಸಿದರೆ ವರ್ಷಕ್ಕೆ ತಗಲುವುದು 3,600 ಲಕ್ಸ್-ಗಂಟೆ. ವರ್ಷವಿಡೀ ಹಾಸಿದ ಬಟ್ಟೆ ಒಂದೇ ವರ್ಷದಲ್ಲಿ ಉಣ್ಣುವ ಬೆಳಕನ್ನು ಇದು ಉಣ್ಣಲು 33 ವರ್ಷ ಬೇಕು. ಮಡಿಕೆಯ ಗೆರೆಯಲ್ಲೇ ಬಟ್ಟೆ ಸೀಳುವುದರಿಂದ ಮಡಿಚುವ ಬದಲು ಕೊಳವೆಗೆ ಸುತ್ತಿಡುವುದು, ಮರದ ಪೆಟ್ಟಿಗೆಯ ಆಮ್ಲ ತಾಗದಂತೆ ನಡುವೆ ತೊಳೆದ ಖಾದಿ ಬಟ್ಟೆ ಹಾಕುವುದು, ಇಂಥ ಕೆಲವು ತಿದ್ದುಪಡಿಗಳಿಂದ ಹಳೆಯ ಕ್ರಮ ಹೊಸ ಶಾಸ್ತ್ರಕ್ಕೂ ಒಪ್ಪುತ್ತದೆ. ಮನೆಯ ಸತ್ಯಕ್ಕೂ ಬಟ್ಟೆಯ ಆಯುಷ್ಯಕ್ಕೂ ಇಲ್ಲಿ ಜಗಳವಿಲ್ಲ ಎಂಬುದೇ ನನ್ನ ವಾದದ ನಡುಗಂಬ.

ಹವೆಯೂ ನಮ್ಮ ಪರವಾಗಿದೆ. ನಮ್ಮ ಸೀಮೆಯ ಕುಕನೂರಿನ ಕಮಲ್ ಮಹಲು ಈಗ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿದೆ. ವಿಜಯನಾಥ ಶೆಣೈ ಅವರು ನಾಡಿನ ಬೇರೆ ಬೇರೆ ಮೂಲೆಗಳಲ್ಲಿ ಬೀಳುತ್ತಿದ್ದ ಮನೆಗಳನ್ನು ಬಿಚ್ಚಿ ತಂದು, ತುಂಡು ತುಂಡಾಗಿ ಜೋಡಿಸಿ ನಿಲ್ಲಿಸಿದ ಆ ಸಾಹಸಕ್ಕೆ ಕನ್ನಡ ನಾಡು ಋಣಿಯಾಗಿರಬೇಕು. ಅವರು ತರದಿದ್ದರೆ ಆ ಮರವೆಲ್ಲ ಸೌದೆಯಾಗುತ್ತಿತ್ತು. ಆದರೂ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆಯ ಮನೆ 4,000 ಮಿ.ಮೀ. ಆಸುಪಾಸಿನ ಕರಾವಳಿಗೆ ಹೋಯಿತು. ಮರಕ್ಕೆ ಉಪಚಾರ ಮಾಡಬಹುದು. ಹತ್ತಿಗೂ ಉಣ್ಣೆಗೂ ಆ ತೇವದಲ್ಲಿ ಬೂಷ್ಟು ತಪ್ಪಿಸುವುದು ಕಷ್ಟ. ನಮ್ಮ ಸೀಮೆಯಲ್ಲಿ ಬೂಷ್ಟಿನ ಭಯ ಕಡಿಮೆ, ಧೂಳಿನ ಭಯ ಹೆಚ್ಚು. ಎರೆಮಣ್ಣಿನ ನುಣುಪಾದ ಧೂಳು ನೂಲಿನ ಎಳೆಗಳ ನಡುವೆ ಕೂತು, ತುಳಿದಾಗಲೆಲ್ಲ ಅರದಂತೆ ಕತ್ತರಿಸುತ್ತದೆ. ಇದಕ್ಕೂ ಮದ್ದು ಅದೇ: ಹಾಸಿದ್ದನ್ನು ಹಾಸಿಯೇ ಬಿಡಬಾರದು.

ಈಗ ಆಕ್ಷೇಪಗಳು. ಮೊದಲನೆಯದು ಗಟ್ಟಿಯಾದದ್ದು: ಹಳೆಯ ಬಟ್ಟೆಯೇ ಉಳಿದಿಲ್ಲ, ಹಾರ್ಡ್‌ವಿಕ್‌ನಂಥ ಪಟ್ಟಿ ನಮ್ಮಲ್ಲಿಲ್ಲ, ಊಹೆಯ ಮೇಲೆ ಮನೆ ಸಜ್ಜು ಮಾಡುವುದಕ್ಕಿಂತ ಖಾಲಿ ಬಿಡುವುದೇ ಪ್ರಾಮಾಣಿಕ ಎಂಬುದು. ಇಷ್ಟು ಬೇಗ ಕೈಚೆಲ್ಲಬೇಕಿಲ್ಲ. ಲೆಕ್ಕ ಇಡುವ ಪದ್ಧತಿ ನಮ್ಮಲ್ಲಿತ್ತು. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕೂಡಿಸಿ ಬಳಿದ ಬಟ್ಟೆಯ ಕಡತಗಳಲ್ಲಿ ಬಳಪದಿಂದ ಬರೆದ ಲೆಕ್ಕಗಳು ಕರ್ನಾಟಕದ ಮಠಗಳಲ್ಲಿ, ಹಳೆಯ ಮನೆಗಳಲ್ಲಿ ಉಳಿದು ಬಂದಿವೆ. ಮದುವೆಯ ಖರ್ಚು, ಬೀಗರಿಗೆ ಕೊಟ್ಟ ಬಟ್ಟೆ, ಜಾತ್ರೆಗೆ ಕಟ್ಟಿದ ಮೇಲ್ಕಟ್ಟು ಇಂಥವೆಲ್ಲ ಲೆಕ್ಕದ ಪುಸ್ತಕಕ್ಕೆ ಬರುವ ಬಾಬುಗಳೇ. ಆನೆಗೊಂದಿಯ ಹುಚ್ಚಪ್ಪಯ್ಯನ ಮಠದ ಚಾವಣಿಯಲ್ಲಿ, ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಚಾವಣಿಯಲ್ಲಿ ಬಣ್ಣದ ಚಿತ್ರಗಳಿವೆ. ಅಂಥ ಚಿತ್ರಗಳನ್ನು ಕಥೆಗಾಗಿ ಓದುವಂತೆ ಬಟ್ಟೆಗಾಗಿಯೂ ಓದಬಹುದು. ತೊಲೆಯಲ್ಲಿ ಉಳಿದ ಕೊಂಡಿ, ಕಂಬದ ಮೇಲಿನ ಮೊಳೆಯ ಗುರುತು, ಗೋಡೆಗೆ ಒರಗಿದ ಬೆನ್ನುಗಳಿಂದ ನುಣುಪಾದ ಗಾರೆ, ಇವೂ ಸಾಕ್ಷ್ಯಗಳೇ. ಗೋಡೆಗೆ ಹೊಸ ಸುಣ್ಣ ಬಳಿಯುವ ಮುಂಚೆ ಇವನ್ನು ಬರೆದಿಟ್ಟುಕೊಳ್ಳುವವರು ಬೇಕು.

ಎಲ್ಲಕ್ಕಿಂತ ಮಿಗಿಲಾದ ಸಾಕ್ಷ್ಯ ಕೌದಿ. ಸವೆದ ಸೀರೆ, ಧೋತರ, ಕುಪ್ಪಸದ ಖಣಗಳನ್ನು ಪದರ ಪದರವಾಗಿ ಇಟ್ಟು ಸಾಲುಹೊಲಿಗೆಯಲ್ಲಿ ಕೂಡಿಸಿದ ಈ ಹೊದಿಕೆಯನ್ನು ಬಡತನದ ಗುರುತೆಂದು ಬಚ್ಚಿಡುವವರು ಇಂದಿಗೂ ಇದ್ದಾರೆ. ಸಂಶೋಧಕನಿಗೆ ಅದು ಸೀಮೆಯ ನೇಯ್ಗೆಯ ಭಂಡಾರ. ಹೊರ ಪದರ ಬೆಳಕಿಗೆ ಮಾಸಿದ್ದರೂ ಒಳ ಪದರಗಳು ಕತ್ತಲೆಯಲ್ಲೇ ಇದ್ದು ಮೊದಲ ಬಣ್ಣವನ್ನು ಕಾಪಾಡಿಕೊಂಡಿರುತ್ತವೆ. ಕುಷ್ಟಗಿ ತಾಲ್ಲೂಕಿಗೆ ಹೊಂದಿಕೊಂಡೇ ಇಳಕಲ್ಲಿದೆ. ಆ ಸೀರೆಯ ಚಿಕ್ಕಿಪರಾಸು ದಡಿ, ತೋಪುತೆನಿ ಸೆರಗು ಒಂದು ತುಂಡು ಸಿಕ್ಕರೂ ಗುರುತು ಸಿಗುತ್ತದೆ. ಗುಳೇದಗುಡ್ಡದ ಖಣವೂ ಹಾಗೆಯೇ. ಬಣ್ಣವನ್ನು ಪರೀಕ್ಷಿಸಿದರೆ ಕಾಲಕ್ಕೂ ಒಂದು ಅಂಕೆ ದೊರೆಯುತ್ತದೆ: ಮಂಜಿಷ್ಠದ ಕೆಂಪನ್ನು ಪ್ರಯೋಗಶಾಲೆಯಲ್ಲಿ ಮಾಡಲು ಸಾಧ್ಯವಾದದ್ದು 1868ರಲ್ಲಿ, ಕಾರಖಾನೆಯ ನೀಲಿ ಮಾರುಕಟ್ಟೆಗೆ ಬಂದದ್ದು 1897ರಲ್ಲಿ. ಕೃತಕ ನೀಲಿ ಇರುವ ಪದರ ಅದಕ್ಕಿಂತ ಹಳೆಯದಾಗಿರಲಾರದು. ಹೀಗೆ ಒಂದು ಹಳೆಯ ಕೌದಿಯನ್ನು ಬಿಚ್ಚದೆಯೇ, ಹರಿದ ಬಾಯಿಯ ಒಳಗಿನಿಂದ ನಾಲ್ಕೆಳೆ ತೆಗೆದು ನೋಡಿದರೂ ಒಂದು ಮನೆತನದ ಹೆಣ್ಣುಮಕ್ಕಳು ತಲೆಮಾರುಗಳ ಕಾಲ ಏನು ಉಟ್ಟರು, ಆ ಮನೆಯ ಹೊದಿಕೆ ಪರದೆಗಳಿಗೆ ಯಾವ ಬಣ್ಣ ದೊರೆಯುತ್ತಿತ್ತು ಎಂದು ಹೇಳಬಹುದು. ಕೊಪ್ಪಳದ ಪಕ್ಕದ ಕಿನ್ನಾಳದಲ್ಲೂ ಬಟ್ಟೆ ಮರೆಯಾಗಿ ಕೂತಿದೆ. ಅಲ್ಲಿಯ ಚಿತ್ರಗಾರರು ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ಕಿಟ್ಟದಿಂದ ಮೂರ್ತಿಯ ಸಂದುಗಳನ್ನು ಮುಚ್ಚಿ, ಅದರ ಮೇಲೆ ಹತ್ತಿಬಟ್ಟೆಯ ತುಂಡು ಅಂಟಿಸಿ ಬಣ್ಣಕ್ಕೆ ಮೈ ಸಿದ್ಧಗೊಳಿಸುತ್ತಾರೆ. ಕುರುಬರ ಕಂಬಳಿಗೂ ಅದೇ ಹುಣಸೆ ಬೀಜದ ಸರಿ. ಕಡತ, ಕಿನ್ನಾಳದ ಗೊಂಬೆ, ಕಂಬಳಿ ಮೂರನ್ನೂ ಹಿಡಿದು ನಿಲ್ಲಿಸಿದ ಈ ಅಂಟೇ ಹುಳುವನ್ನೂ ಕರೆಯುತ್ತದೆ ಎಂಬುದನ್ನು ಈ ಸೀಮೆಯ ಸಂಗ್ರಹಾಲಯದ ಪಾಲಕರು ಬೇರೆ ಯಾರಿಗಿಂತಲೂ ಮೊದಲು ತಿಳಿದಿರಬೇಕು.

ಎರಡನೆಯ ಆಕ್ಷೇಪ: ಮೂಲ ಬಟ್ಟೆ ಒಂಬತ್ತು ದಿನ ಮಾತ್ರವಾದರೆ ಉಳಿದ ದಿನ ಬಂದವರಿಗೆ ಏನು ತೋರಿಸುತ್ತೀರಿ? ಹೊಸದಾಗಿ ನೇಯ್ದದ್ದನ್ನು ಹಾಸಿದರೆ ಅದು ನಕಲಲ್ಲವೇ? ಹೌದು, ಅದು ಪ್ರತಿ. ಪ್ರತಿಯೆಂದೇ ಬರೆದು ಹಾಕಬೇಕು. ಆದರೆ ವಾಡೆಯ ಗಾದಿ ಯಾವಾಗಲೂ ಹೊಸದಾಗುತ್ತಲೇ ಬಂದ ವಸ್ತು. ಹಿಂಜಿ ತುಂಬುವುದು, ಗಲೀಫು ಬದಲಿಸುವುದು ಅದರ ಸ್ವಭಾವ. ಅದೇ ಹತ್ತಿ, ಅದೇ ಎಣಿಕೆ, ಅದೇ ಹೊಲಿಗೆಯಲ್ಲಿ ಮಾಡಿದ ಹೊಸ ಗಾದಿ ಮೋಸವಲ್ಲ, ಪರಂಪರೆಯ ಮುಂದಿನ ಸರದಿ. ಮೋಸವಾಗುವುದು ಸಾಕ್ಷ್ಯವಿಲ್ಲದ ಜಾಗದಲ್ಲಿ ಚಂದಕ್ಕಾಗಿ ತಂದು ಹಾಸಿದಾಗ. ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಬೆಳೆಸಿದ ಬಾಳೆನಾರಿನ ಕೆಲಸ ಅನೇಕ ಹೆಣ್ಣುಮಕ್ಕಳಿಗೆ ದುಡಿಮೆ ಕೊಟ್ಟಿದೆ, ಅದರ ಬಗ್ಗೆ ನನಗೆ ಬಹಳ ಗೌರವವಿದೆ. ಆದರೆ ಅದು ನಮ್ಮ ಕಾಲದ ಕಸುಬು. ಅತಿಥಿಗಳ ತಂಗುಮನೆಯಲ್ಲಿ ಅದಕ್ಕೆ ಜಾಗವಿದೆ, ಹಳೆಯ ಕಾಲದ್ದೆಂದು ತೋರಿಸುವ ಕೋಣೆಯಲ್ಲಿ ಇಲ್ಲ. ಅಲ್ಲಿಗೆ ನವಲಗುಂದದ ಜಮಖಾನ, ಕುರುಬರ ಕಂಬಳಿ, ಭಾಗ್ಯನಗರದ, ದೋಟಿಹಾಳದ ಮಗ್ಗದ ಬಟ್ಟೆ ಬೇಕು, ಮತ್ತು ಅವು ಬೇಕೆಂದು ತೋರಿಸುವ ಪುರಾವೆ ಮೊದಲು ಬೇಕು. ಚೆನ್ನೈ ಬಳಿಯ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯೊಂದನ್ನು ನಿಲ್ಲಿಸಿದ್ದಾರೆ. ಇಳಕಲ್ಲಿನ ಮನೆಯನ್ನು ನೋಡಲು ಕುಷ್ಟಗಿಯ ಹುಡುಗ ಚೆನ್ನೈಗೆ ಹೋಗಬೇಕಾದ ಸ್ಥಿತಿ ಮಾತ್ರ ಒಪ್ಪತಕ್ಕದ್ದಲ್ಲ.

ಮೂರನೆಯದು, ಒಳ್ಳೆಯ ವಸ್ತುಗಳೆಲ್ಲ ಈಗಾಗಲೇ ದೊಡ್ಡ ಸಂಗ್ರಹಾಲಯಗಳಲ್ಲಿ ಸುರಕ್ಷಿತವಾಗಿವೆಯಲ್ಲ ಎಂಬ ಸಮಾಧಾನ. ನಿಜಾಮರ ಕಾಲದಲ್ಲಿ ಕೊಪ್ಪಳ, ಯಲಬುರ್ಗಾ ತಾಲ್ಲೂಕುಗಳು ಸಾಲಾರ್ ಜಂಗ್ ಮನೆತನದ ಜಹಗೀರು. ಆ ಮನೆತನದ ಮೀರ್ ಯೂಸುಫ್ ಅಲಿ ಖಾನ್ 1949ರಲ್ಲಿ ತೀರಿಕೊಂಡ ಮೇಲೆ ಅವರ ಸಂಗ್ರಹವನ್ನು 1951ರಲ್ಲಿ ಹೈದರಾಬಾದಿನ ಅವರ ಸ್ವಂತ ಮನೆ ದಿವಾನ್ ದೇವಡಿಯಲ್ಲೇ ಸಂಗ್ರಹಾಲಯವಾಗಿ ತೆರೆದರು. 1968ರಲ್ಲಿ ಹೊಸ ಕಟ್ಟಡಕ್ಕೆ ಸಾಗಿಸಿದರು. ವಸ್ತುಗಳು ಉಳಿದವು, ಅವು ಇದ್ದ ಕೋಣೆಗಳು, ಯಾವುದರ ಪಕ್ಕ ಯಾವುದು ಎಂಬ ಸಂಬಂಧಗಳು ಉಳಿಯಲಿಲ್ಲ. ರತ್ನಗಂಬಳಿ ಒಂದು ವಿಭಾಗಕ್ಕೆ, ಕುರ್ಚಿ ಇನ್ನೊಂದು ವಿಭಾಗಕ್ಕೆ ಹೋಗುವುದು ದೊಡ್ಡ ಸಂಗ್ರಹಾಲಯದ ಧರ್ಮ. ಅದಕ್ಕಿಂತ ದೂರ ಹೋದದ್ದು ಟಿಪ್ಪುವಿನ ಡೇರೆ. 1786ರಲ್ಲಿ ಕೊಪ್ಪಳದ ಕೋಟೆಯನ್ನು ಹಿಡಿದು ಫ್ರೆಂಚ್ ಎಂಜಿನಿಯರುಗಳಿಂದ ಬಲಪಡಿಸಿದ ಸುಲ್ತಾನನದೆನ್ನಲಾದ, ಹೂಬಳ್ಳಿ ಅಚ್ಚಿನ ಹತ್ತಿಬಟ್ಟೆಯ ಆ ಡೇರೆ 1799ರ ನಂತರ ಕ್ಲೈವ್ ಮನೆತನದ ಕೈಸೇರಿ, ವೇಲ್ಸಿನ ಪೊವಿಸ್ ಕೋಟೆಗೆ ಹೋಗಿ, ತೋಟದ ಔತಣಗಳಿಗೆ ಚಪ್ಪರವಾಯಿತು. ಈಗ ಅಲ್ಲಿಯೇ ಪ್ರದರ್ಶನದಲ್ಲಿದೆ, ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ದಂಡಿನ ನಡುವೆ ಒಂದು ರಾಜ್ಯದ ಆಡಳಿತ ನಡೆಯುತ್ತಿದ್ದ ಬಟ್ಟೆಯ ಮನೆ ಅದು. ಪೊವಿಸ್‌ನಲ್ಲಿ ಅದು ಗೆದ್ದು ತಂದ ವಸ್ತು. ಬಟ್ಟೆ ಸುರಕ್ಷಿತವಾಗಿದ್ದ ಮಾತ್ರಕ್ಕೆ ಅದರ ಅರ್ಥ ಸುರಕ್ಷಿತವಲ್ಲ.

ಕೊನೆಯದಾಗಿ ಖರ್ಚಿನ ಮಾತು. ಕುಡಿಯುವ ನೀರಿಗೆ, ಶಾಲೆಗೆ ಹಣ ಸಾಲದ ಜಿಲ್ಲೆಯಲ್ಲಿ ಗಾದಿ ಕೌದಿಗೆ ಹಣವೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಮೇಲೆ ಹೇಳಿದ ಕೆಲಸದಲ್ಲಿ ಬೆಲೆಬಾಳುವ ಯಂತ್ರ ಯಾವುದೂ ಇಲ್ಲ. ಮಖಮಲ್ಲಿನ ಸೋಫಾ ಕೊಳ್ಳುವ ಹಣವನ್ನು ಕೊಳ್ಳದೆ ಉಳಿಸಿದರೆ ಅದರಲ್ಲೇ ಬಹುಪಾಲು ಕೆಲಸ ಆಗುತ್ತದೆ. ಮೊದಲ ಹೆಜ್ಜೆಗೆ ಬೇಕಾದದ್ದು ಒಂದು ನೋಂದಣಿ ಪುಸ್ತಕ, ಬೆಳಕು ಅಳೆಯುವ ಸಣ್ಣ ಮೀಟರು, ಮತ್ತು ಮನೆಯ ಹಿರಿಯ ಹೆಣ್ಣುಮಕ್ಕಳೊಡನೆ ಕೂತು ಪೆಟ್ಟಿಗೆ ತೆರೆಯುವ ತಾಳ್ಮೆ. ಯಾವುದನ್ನು ಯಾವ ಹಬ್ಬಕ್ಕೆ ತೆಗೆಯುತ್ತಿದ್ದರು, ಯಾವ ತುದಿ ಬಾಗಿಲ ಕಡೆಗೆ ಬರಬೇಕು, ಬಾಣಂತಿಗೆ ಹಾಸಿದ್ದನ್ನು ಮತ್ತೆ ಎಲ್ಲಿ ಬಳಸುತ್ತಿರಲಿಲ್ಲ ಎಂಬುದನ್ನೆಲ್ಲ ಹೇಳಬಲ್ಲವರು ಅವರೇ. ತೀರಿಹೋದವರ ಹಾಸಿಗೆಯನ್ನು ಉಳಿಸಿಕೊಳ್ಳಬಾರದೆಂಬ ನಂಬಿಕೆ ಇರುವ ಮನೆಯಲ್ಲಿ ಅದನ್ನು ಕೊಡಿರೆಂದು ಒತ್ತಾಯಿಸುವಂತಿಲ್ಲ. ಅಳತೆ, ಚಿತ್ರ, ಹೊಲಿಗೆಯ ನಕಾಶೆ ಬರೆದುಕೊಂಡು ಬಟ್ಟೆಯನ್ನು ಅವರಿಗೇ ಬಿಡಬೇಕು. ಆ ನಕಾಶೆ ಹಿಡಿದು ಪಿಂಜಾರರ ಅಂಗಡಿಗೂ ದೋಟಿಹಾಳದ ಮಗ್ಗಕ್ಕೂ ಹೋದರೆ ಪ್ರತಿ ಸಿದ್ಧವಾಗುತ್ತದೆ. ಸ್ಪಂಜಿನ ಹಾಸಿಗೆಯಿಂದ ಕೆಲಸ ಕಳೆದುಕೊಳ್ಳುತ್ತಿರುವ ಹತ್ತಿ ಹಿಂಜುವವರಿಗೆ ವರ್ಷಕ್ಕೊಮ್ಮೆ ಗಾದಿ ಬಿಚ್ಚಿ ತುಂಬುವ ಕೆಲಸವನ್ನು ಸಂಗ್ರಹಾಲಯದ ಅಂಗಳದಲ್ಲೇ, ನೋಡುವವರ ಎದುರಿಗೇ ಕೊಡಬಹುದು. ದಿನವೂ ಬೆಳಗ್ಗೆ ಜಮಖಾನ ಹಾಸಿ ಸಂಜೆ ಸುತ್ತಿಡುವ ಸಿಬ್ಬಂದಿಗೆ ಅದಕ್ಕೆ ತಕ್ಕ ತರಬೇತಿ ಮತ್ತು ಸಂಬಳ ಇರಬೇಕು, ಏಕೆಂದರೆ ಅಲ್ಲಿ ಅವರು ಮಾಡುವುದು ಕಸಗುಡಿಸುವವರ ಉಪಕೆಲಸವಲ್ಲ; ಬಂದವರು ನೋಡಲು ಬಂದಿರುವ ಮುಖ್ಯ ಪ್ರದರ್ಶನವೇ ಅದು.